ಕಣ್ಣು ಮುಚ್ಚಿದ್ರೆ ಏನೂ ಕಾಣಲ್ಲ, ಹಾಗಾದ್ರೆ ನನಗಿರೋದು ಕಲ್ಪನೆ ಹೌದೋ ಅಲ್ವೋ?

ಕತೆಅಪ್ಪ:

ಎಲ್ರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ಹೋದ ತಿಂಗಳು ಮನೆಗೆ ಪೇಂಟ್ ಮಾಡ್ಸೋಣ ಅಂತ ಶೇಡ್ ಕಾರ್ಡ್ ತಂದ್ವಿ. ನನ್ನ ಹೆಂಡ್ತಿ ಹಾಲ್‌ನಲ್ಲಿ ನಿಂತ್ಕೊಂಡು ಆ ಬೆರಳಗಲದ ಹಸಿರು ತುಂಡನ್ನ ನೋಡಿ, ಆಮೇಲೆ ಗೋಡೆನ ಒಂದು ನಿಮಿಷ ನೋಡಿ, "ಬೇಡ, ಕತ್ತಲೆ ಕತ್ತಲೆ ಆಗತ್ತೆ, ಸೋಫಾಗೂ ಹೊಂದಲ್ಲ" ಅಂದ್ಳು. ಹೊಡೆಯೋಕೆ ಮುಂಚೆನೇ ನಿಂಗೆ ಹೆಂಗೆ ಗೊತ್ತಾಯ್ತು ಅಂದೆ. "ಕಾಣ್ತಿದೆಯಲ್ಲ" ಅಂದ್ಳು. ಎಲ್ಲಿ ಕಾಣ್ತಿದೆ? "ಗೋಡೆ ಮೇಲೆ, ಮನಸ್ಸಲ್ಲಿ, ನಿಮಗೆ ಕಾಣಲ್ವಾ?" ನಾನು ತಮಾಷೆ ಅನ್ಕೊಂಡೆ, ಅವಳು ನಾನು ತಮಾಷೆ ಮಾಡ್ತಿದೀನಿ ಅನ್ಕೊಂಡ್ಳು, ಹತ್ತು ನಿಮಿಷ ಆದ್ಮೇಲೆ ಇಬ್ರಿಗೂ ಸ್ವಲ್ಪ ಭಯ ಆಯ್ತು.

ನನಗೆ 39 ವರ್ಷ. ಇಷ್ಟು ವರ್ಷ "ಕಣ್ಣಿಗೆ ಕಟ್ಟಿದ ಹಾಗೆ" ಅನ್ನೋದನ್ನ "ಹೊಟ್ಟೆ ಹುಣ್ಣಾಗೋ ಹಾಗೆ ನಕ್ಕೆ" ಅಂತಾರಲ್ಲ, ಆ ಥರದ ಮಾತು ಅಂತಲೇ ನಂಬಿದ್ದೆ. ನಕ್ಕವನಿಗೆ ಯಾರಿಗೂ ಹುಣ್ಣಾಗಿಲ್ಲ, ಹಂಗೇ ಕಣ್ಣಿಗೂ ಯಾರಿಗೂ ಏನೂ ಕಟ್ಟಿಲ್ಲ ಅಂತ. ಅಮ್ಮಂಗೆ ಫೋನ್ ಮಾಡಿ ಕೇಳ್ದೆ, ಅವರಿಗೆ ಕಾಣತ್ತಂತೆ. ತಂಗಿಗೆ ಬಣ್ಣದಲ್ಲೇ ಕಾಣತ್ತಂತೆ. ನನಗೆ ಕಣ್ಣು ಮುಚ್ಚಿದ್ರೆ ರೆಪ್ಪೆ ಹಿಂದಿನ ಕತ್ತಲೆ, ಅಷ್ಟೇ. ಹೆಂಡ್ತಿ ಮುಖ ಕೂಡ ಬರಲ್ಲ. (ಇದನ್ನ ಅವಳಿಗೆ ಹೇಳಬಾರದಿತ್ತು.)

ಇದಕ್ಕೆ ಅಫ್ಯಾಂಟೇಸಿಯಾ ಅಂತ ಹೆಸರಿದೆ ಅಂತ ಹುಡುಕಿ ತಿಳ್ಕೊಂಡೆ. ಅದಲ್ಲ ನನ್ನ ಸಮಸ್ಯೆ. ಭಾವಮೈದ ಇದನ್ನ ಕೇಳಿ "ಅಂದ್ರೆ ಭಾವ, ನಿಮಗೆ ಕಲ್ಪನಾಶಕ್ತಿನೇ ಇಲ್ಲ ಅಂದಂಗಾಯ್ತು" ಅಂತ ನಕ್ಕ. ಅದು ಚುಚ್ಚಿತು, ಯಾಕಂದ್ರೆ ನಾಲ್ಕು ವರ್ಷದಿಂದ ದಿನಾ ರಾತ್ರಿ ಮಗಳಿಗೆ ನಾನೇ ಹೊಸೆದ ಕತೆ ಹೇಳ್ತಿದೀನಿ. ಒಂದು ಹುಣಸೆ ಮರ, ಅದರಲ್ಲಿ ಕಾಗೆಯ ದಿನಸಿ ಅಂಗಡಿ, ಅಲ್ಲಿ ಸಾಲ ಮಾಡಿ ತೀರಿಸದ ಅಳಿಲು, ಮೇಲಿನ ಕೊಂಬೆಯಲ್ಲಿ ಬಾಡಿಗೆಗಿರೋ ಗೂಬೆ ಮೇಷ್ಟ್ರು. ಯಾರ ಪಕ್ಕ ಯಾರ ಮನೆ, ಯಾರು ಯಾರಿಗೆ ಎಷ್ಟು ಬಾಕಿ, ಗೂಬೆ ಮೇಷ್ಟ್ರಿಗೆ ಕಾಗೆ ಮೇಲೆ ಯಾಕೆ ಸಿಟ್ಟು, ಎಲ್ಲಾ ನನಗೆ ಗೊತ್ತು. ಆದ್ರೆ ಒಂದೂ ಕಾಣಲ್ಲ. ಇದು ಕಲ್ಪನೆ ಅಲ್ಲದಿದ್ರೆ ಇದೇನು? ಅಥವಾ ನಾನು ಬರೀ ಪದಗಳನ್ನ ಜೋಡಿಸ್ತಾ ಇದೀನಾ? ಗೊತ್ತಿರೋರು, ಹಿಂಗೇ ಇರೋರು ಯಾರಾದ್ರೂ ಇದ್ರೆ ಹೇಳಿ.

ನಡುರಾತ್ರಿ_ಓದುಗ:

ಮೊದಲು ಸಮಾಧಾನದ ವಿಷ್ಯ, ನೀವೊಬ್ರೇ ಅಲ್ಲ. ಪೂರ್ತಿ ಏನೂ ಕಾಣದೇ ಇರೋರು ನೂರಕ್ಕೆ ಸುಮಾರು ಒಬ್ರು ಅಂತ ಅಂದಾಜು, ಮಸುಕು ಮಸುಕಾಗಿ ಏನೋ ಕಾಣೋರನ್ನೂ ಸೇರಿಸಿದ್ರೆ ನಾಲ್ಕರ ಹತ್ರ ಹೋಗತ್ತೆ. ಹೆಸರಿಟ್ಟಿದ್ದು 2015ರಲ್ಲಿ, ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದ ನರರೋಗತಜ್ಞ ಆಡಮ್ ಝೀಮನ್ ಮತ್ತೆ ಅವರ ಸಂಗಡಿಗರು.

ಅದಕ್ಕೂ ಮುಂಚಿನ ಕತೆ ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ರ. ಝೀಮನ್ ಹತ್ರ ಒಬ್ಬ ರೋಗಿ ಬಂದ್ರು, ಸಂಶೋಧನೆಲಿ ಅವರನ್ನ ಎಂಎಕ್ಸ್ ಅಂತ ಮಾತ್ರ ಕರೀತಾರೆ. 65 ವರ್ಷದ ನಿವೃತ್ತ ಕಟ್ಟಡ ಸರ್ವೇಯರ್, ಹೃದಯದ ರಕ್ತನಾಳಕ್ಕೆ ಚಿಕಿತ್ಸೆ ಆದ್ಮೇಲೆ ಅವರ ಮನಸ್ಸಿನ ಚಿತ್ರಗಳು ಹೋಗಿಬಿಟ್ವು. ಮೊದಲು ರಾತ್ರಿ ಮಲಗುವಾಗ ನೆಂಟರು ಸ್ನೇಹಿತರ ಮುಖಗಳನ್ನ ಕರೆಸ್ಕೊಂಡು ನೋಡ್ತಾ ನಿದ್ದೆ ಹೋಗ್ತಿದ್ರಂತೆ, ಅದು ನಿಂತೋಯ್ತು. 2010ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಅವರಿಗೆ ಎರಡು ವಸ್ತುಗಳ ಚಿತ್ರ ತೋರಿಸಿ, ಒಂದನ್ನ ತಿರುಗಿಸಿದ್ರೆ ಇನ್ನೊಂದು ಆಗತ್ತಾ ಅಂತ ಕೇಳಿದ್ರು. ಸಾಮಾನ್ಯವಾಗಿ ನಾವು ಮನಸ್ಸಲ್ಲೇ ಆ ವಸ್ತುನ ತಿರುಗಿಸಿ ನೋಡ್ತೀವಿ, ಜಾಸ್ತಿ ತಿರುಗಿಸಬೇಕಾದ್ರೆ ಜಾಸ್ತಿ ಹೊತ್ತು ಹಿಡಿಯತ್ತೆ. ಎಂಎಕ್ಸ್ ಉತ್ತರ ಸರಿಯಾಗೇ ಕೊಟ್ರು, ಆದ್ರೆ ಆ ಹೊತ್ತಿನ ಲೆಕ್ಕ ಮಾತ್ರ ಅವರಲ್ಲಿ ಕಾಣಲಿಲ್ಲ. ಅಂದ್ರೆ ಅದೇ ಊರಿಗೆ ಬೇರೆ ದಾರಿಲಿ ಹೋಗಿ ತಲುಪಿದ್ರು.

ಇದನ್ನ ಪತ್ರಿಕೆಲಿ ಓದಿದ 21 ಜನ "ನಂಗೆ ಹುಟ್ಟಿದಾಗಿಂದ ಹಿಂಗೇ" ಅಂತ ಮುಂದೆ ಬಂದ್ರು, 2015ರ ಪ್ರಬಂಧ ಅವರ ಮೇಲೇ. ಅವರನ್ನ ಕೇಳಿದ ಒಂದು ಪ್ರಶ್ನೆ ನೀವೂ ಈಗ್ಲೇ ಮಾಡಿ ನೋಡಿ: ನಿಮ್ಮ ಹಳೇ ಮನೆಗೆ ಎಷ್ಟು ಕಿಟಕಿ ಇದ್ವು?

ಕತೆಅಪ್ಪ:

ಏಳು. ಅಡುಗೆಮನೆದು ಕಿಂಡಿ ಥರದ ಕಿಟಕಿ, ಅದನ್ನ ಲೆಕ್ಕಕ್ಕೆ ತಗೊಂಡ್ರೆ ಎಂಟು. ಆದ್ರೆ ನಂಗೆ ಏನೂ ಕಾಣಲಿಲ್ಲ, ಸುಮ್ನೆ ಒಳಗಡೆ ಒಂದು ಸುತ್ತು ಓಡಾಡಿ ಬಂದೆ. ಕತ್ತಲೆಲಿ ಕರೆಂಟ್ ಹೋದಾಗ ಮನೆಲಿ ಓಡಾಡ್ತೀವಲ್ಲ, ಹಂಗೆ.

ನಡುರಾತ್ರಿ_ಓದುಗ:

ಅದೇ. ಅವರೂ ಹೆಚ್ಚುಕಮ್ಮಿ ಹಂಗೇ ಅಂದ್ರು: ಗೊತ್ತಿದೆ, ನೆನಪಿದೆ, ಚಿತ್ರಕ್ಕಿಂತ ಕೆಳಗೆ ಎಲ್ಲೋ ಒಂದು ನಕ್ಷೆ ಇದೆ ಅಂತ. ಆಮೇಲೆ 2021ರಲ್ಲಿ ವಿಲ್ಮಾ ಬೈನ್‌ಬ್ರಿಜ್ ಅನ್ನೋರ ತಂಡ ಇಂಥವರಿಗೆ ಕೋಣೆಗಳ ಫೋಟೋ ತೋರಿಸಿ, ಆಮೇಲೆ ನೆನಪಿಂದ ಚಿತ್ರ ಬರೀರಿ ಅಂದಾಗ ವಸ್ತುಗಳು ಕಮ್ಮಿ ಬಂದ್ವು, ಬಣ್ಣ ಕಮ್ಮಿ ಬಂತು, ಆದ್ರೆ ಯಾವುದು ಎಲ್ಲಿದೆ ಅನ್ನೋದು ಬೇರೆಯವರಷ್ಟೇ ಸರಿ. ಇಲ್ಲದ ವಸ್ತುನ ಸೇರಿಸಿದ್ದು ಇವರಲ್ಲೇ ಕಮ್ಮಿ. ನಿಮ್ಮ ಹುಣಸೆ ಮರದಲ್ಲಿ ಯಾರ ಪಕ್ಕ ಯಾರ ಮನೆ ಅನ್ನೋದು ಗಟ್ಟಿಯಾಗಿದೆ ಅಂದ್ರಲ್ಲ, ಅದಕ್ಕೇ ಇದು ನೆನಪಾಯ್ತು. ನಿಮ್ಮ ಕತೆಲಿ ಬಣ್ಣಗಳು ಬರತ್ವಾ?

ಗಿರ್ಮಿಟ್_ಹುಬ್ಬಳ್ಳಿ:

ಏನ್ರಿ ಇದು, ಕಣ್ಣ ಮುಚ್ಚಿದ್ರ ಯಾರಿಗೂ ಏನೂ ಕಾಣಂಗಿಲ್ಲ, ಕತ್ತಲಿನ ಕಾಣ್ತದ. "ಕಾಣ್ತದ" ಅನ್ನಾವ್ರೂ ಸುಮ್ನ ಮಾತಿಗೆ ಅಂತಾರ, "ಕಾಣಂಗಿಲ್ಲ" ಅನ್ನಾವ್ರೂ ಮಾತಿಗೆ ಅಂತಾರ. ಇಬ್ರದೂ ಒಂದ ಇರತೈತಿ, ಹೇಳೂ ರೀತಿ ಬ್ಯಾರೆ ಅಷ್ಟ. ಈಗ ಎಲ್ಲಾದಕ್ಕೂ ಒಂದ ಇಂಗ್ಲಿಷ್ ಹೆಸರ ಇಟ್ಟು ರೋಗ ಮಾಡಾಕತ್ತಾರ. ನಮ್ಮಜ್ಜನ ಕಾಲದಾಗ ಇದೆಲ್ಲಾ ಇರ್ಲಿಲ್ಲ.

ನಡುರಾತ್ರಿ_ಓದುಗ:

ರೋಗ ಅಂತ ಯಾರೂ ಅಂದಿಲ್ಲ ಸಾರ್, ಹೆಸರಿಟ್ಟವರೇ ಇದು ಕಾಯಿಲೆ ಅಲ್ಲ ಅಂತಾರೆ. ಅಜ್ಜನ ಕಾಲದಲ್ಲೂ ಇತ್ತು, 1880ರಲ್ಲೇ ಫ್ರಾನ್ಸಿಸ್ ಗಾಲ್ಟನ್ ಅನ್ನೋರು ಪರಿಚಯದವರಿಗೆಲ್ಲ ಇವತ್ತು ಬೆಳಗ್ಗೆ ತಿಂಡಿ ತಿಂದ ಟೇಬಲ್ ಮನಸ್ಸಿಗೆ ಹೆಂಗೆ ಕಾಣತ್ತೆ ಅಂತ ಕೇಳಿದಾಗ ಕೆಲವು ವಿಜ್ಞಾನಿಗಳು ನೀವು ಹೇಳಿದ ಮಾತನ್ನೇ ಹೇಳಿದ್ರು, ಮನಸ್ಸಿನ ಚಿತ್ರ ಅನ್ನೋದೆಲ್ಲ ಬರೀ ಮಾತು ಅಂತ. ಅಂದಹಾಗೆ ನಿಮಗೆ ಏನಾದ್ರೂ ಕಾಣತ್ತಾ? ನಿಜವಾಗ್ಲೂ ಕೇಳ್ತಿದೀನಿ.

ಬರೀ ಮಾತು ಅಂತ ಬಿಟ್ಟುಬಿಡೋ ಹಾಗೂ ಇಲ್ಲ. ಆಸ್ಟ್ರೇಲಿಯಾದ ಜೋಯೆಲ್ ಪಿಯರ್ಸನ್ ತಂಡ ಕಣ್ಣಿನ ಪಾಪೆ ಅಳೆದು ನೋಡ್ತು, 2022ರಲ್ಲಿ ಪ್ರಕಟ ಆಗಿದೆ. ಹೊಳೆಯೋ ಆಕಾರನ ಬರೀ ಕಲ್ಪಿಸ್ಕೊಂಡ್ರೂ ಹೆಚ್ಚಿನವರ ಪಾಪೆ ಚಿಕ್ಕದಾಗತ್ತೆ, ನಿಜವಾದ ಬೆಳಕಿಗೆ ಆದಂಗೆ. ಅಫ್ಯಾಂಟೇಸಿಯಾ ಇರೋರಲ್ಲಿ ಹಂಗಾಗಲಿಲ್ಲ. ಅವರು ಪ್ರಯತ್ನವೇ ಪಡಲಿಲ್ವೇನೋ ಅನ್ನೋ ಹಾಗಿಲ್ಲ, ಒಂದರ ಬದಲು ನಾಲ್ಕು ಆಕಾರ ಅಂದಾಗ ಅವರ ಪಾಪೆನೂ ದೊಡ್ಡದಾಯ್ತು, ಅದು ತಲೆಗೆ ಕೆಲಸ ಹೆಚ್ಚಾದ ಗುರುತು. ಪಾಪೆಗೆ ಸುಳ್ಳು ಹೇಳೋಕೆ ಬರಲ್ಲ.

ಗಿರ್ಮಿಟ್_ಹುಬ್ಬಳ್ಳಿ:

ಹಂಗಿದ್ರ ಒಪ್ಪಿದ್ನಿ. ನನಗ ಏನ ಕಾಣತೈತಿ ಅನ್ನೂದನ್ನ ರಾತ್ರಿ ನೋಡಿ ಹೇಳ್ತೀನಿ.

ಸಂದುಚುಕ್ಕಿ:

ನಾನೂ ನಿಮ್ಮ ಥರನೇ, ಮತ್ತೆ ನಾನು ರಂಗೋಲಿ ಹಾಕೋಳು, ಬೀದಿಲಿ ಸ್ಪರ್ಧೆ ಆದಾಗ ಬಹುಮಾನನೂ ಬಂದಿದೆ! ನೋಡ್ದೋರೆಲ್ಲ ಇಷ್ಟು ದೊಡ್ಡ ಡಿಸೈನ್ ತಲೆಲಿ ಹೆಂಗೆ ಇಟ್ಕೋತೀರಾ ಅಂತಾರೆ. ಇಟ್ಕೊಳ್ಳೋದೇ ಇಲ್ಲ. 15 ಚುಕ್ಕಿ, ಸಂದು ಚುಕ್ಕಿ, 8ಕ್ಕೆ ನಿಲ್ಲಿಸಬೇಕು, ಅಷ್ಟು ಬಾಯಲ್ಲಿರತ್ತೆ. ಚುಕ್ಕಿ ಇಟ್ಟಾದ್ಮೇಲೆ ಮೊದಲ ಎಳೆ ಎಳೆದ್ರೆ ಎರಡನೇದು ಎಲ್ಲಿಗೆ ಹೋಗಬೇಕು ಅಂತ ಕೈಗೆ ಗೊತ್ತಾಗತ್ತೆ. ಮಧ್ಯ ಯಾರಾದ್ರೂ ಮಾತಾಡ್ಸಿ ಕೈ ನಿಂತ್ರೆ ಮುಗೀತು, ಮತ್ತೆ ಹಿಂದಿನ ಎಳೆಯಿಂದ ಶುರು ಮಾಡಬೇಕು.

ಹೊಸಾ ಡಿಸೈನೂ ಮಾಡ್ತೀನಿ. ನನ್ನ ಓರಗಿತ್ತಿಗೆ ಅದು ಮೊದಲು ಪೂರ್ತಿ ಕಾಣತ್ತಂತೆ, ಆಮೇಲೆ ನೆಲಕ್ಕೆ ಇಳಿಸ್ತಾಳೆ, ಇಳಿಸಿದ್ಮೇಲೆ "ನಾ ಅಂದ್ಕೊಂಡಂಗೆ ಬರಲಿಲ್ಲ" ಅಂತ ಯಾವಾಗ್ಲೂ ಬೇಜಾರು. ನನಗೆ ಅಂದ್ಕೊಂಡಿದ್ದು ಅಂತ ಒಂದು ಇರೋದೇ ಇಲ್ಲ, ಅದಕ್ಕೆ ನೆಲದ ಮೇಲೆ ಬಂದಿದ್ದನ್ನ ಮೊದಲ ಸಲ ನೋಡೋಳು ನಾನೇ. ನನ್ನ ಕಲ್ಪನೆ ತಲೆಲಿಲ್ಲ, ಅಂಗಳದಲ್ಲಿದೆ ಅಂತ ನಾನೇ ಹೇಳ್ಕೊಂಡು ನಗ್ತಿರ್ತೀನಿ.

ನಡುರಾತ್ರಿ_ಓದುಗ:

@ಸಂದುಚುಕ್ಕಿ ನಿಮ್ಮ ಸಾಲಿಗೇ ಗ್ಲೆನ್ ಕೀನ್ ಸೇರ್ತಾರೆ. ಡಿಸ್ನಿಯ ದೊಡ್ಡ ಅನಿಮೇಟರ್, ಏರಿಯಲ್ ಅನ್ನೋ ಮತ್ಸ್ಯಕನ್ಯೆನ ಬರೆದವರು, ಅವರಿಗೂ ಮನಸ್ಸಲ್ಲಿ ಚಿತ್ರ ಬರಲ್ಲ. ಕಾಗದದ ಮೇಲೆ ಗೀಚ್ತಾ ಗೀಚ್ತಾ ಹುಡುಕ್ತಾರೆ. ಪಿಕ್ಸಾರ್ ಅನ್ನೋ ಅನಿಮೇಷನ್ ಕಂಪನಿ ಕಟ್ಟಿದವರಲ್ಲಿ ಒಬ್ರಾದ ಎಡ್ ಕ್ಯಾಟ್ಮಲ್‌ಗೂ ಬರಲ್ಲ. ಅವರು ತಮ್ಮ ಕಂಪನಿಯ 540 ಜನಕ್ಕೆ ಮನಸ್ಸಲ್ಲಿ ಚಿತ್ರ ಎಷ್ಟು ಚೆನ್ನಾಗಿ ಕಾಣತ್ತೆ ಅನ್ನೋ ಪ್ರಶ್ನಾವಳಿ ಕೊಟ್ರು, ಅದರಲ್ಲಿ ಕಲಾವಿದರಿಗಿಂತ ಪ್ರೊಡಕ್ಷನ್ ಮ್ಯಾನೇಜರ್‌ಗಳಿಗೇ ಚಿತ್ರ ಚೆನ್ನಾಗಿ ಕಾಣತ್ತೆ ಅಂತ ಬಂತಂತೆ. ಇದನ್ನ ಭಾವಮೈದಂಗೆ ಹೇಳಿ.

ಚೆಂಡೆಪೆಟ್ಟು_ಪುತ್ತೂರು:

ಮಾರಾಯ್ರೇ, ಇದನ್ನು ಓದಿ ನನಗೆ ನಮ್ಮ ತಾಳಮದ್ದಳೆ ನೆನಪಾಯ್ತು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಯಕ್ಷಗಾನದ ಪ್ರಸಂಗವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಚೆಂಡೆ ಮದ್ದಳೆ ಉಂಟು, ಅರ್ಥಧಾರಿಗಳು ಶಾಲು ಹೊದ್ದು ಕೂತು ಮಾತಾಡುವುದು, ಅಷ್ಟೆ. ಬರೆದಿಟ್ಟ ಡೈಲಾಗ್ ಇಲ್ಲ, ಅಲ್ಲೇ ಹುಟ್ಟಬೇಕು.

ನಾನು ಸಣ್ಣ ಮಟ್ಟದಲ್ಲಿ ಅರ್ಥ ಹೇಳುತ್ತೇನೆ. ವಾಲಿವಧೆಯಲ್ಲಿ ವಾಲಿಯ ಪಾತ್ರ ಸಿಕ್ಕಿದರೆ ನನಗೆ ಕಾಡು ಕಾಣುವುದಿಲ್ಲ, ಎದೆಯಲ್ಲಿ ನೆಟ್ಟ ಬಾಣವೂ ಕಾಣುವುದಿಲ್ಲ. ಕಾಣಬೇಕಾದ್ದು ಅದಲ್ಲ. ಮರದ ಮರೆಯಿಂದ ಹೊಡೆಸಿಕೊಂಡವನಿಗೆ ಮೊದಲು ಬರುವುದು ನೋವೋ, ಸಿಟ್ಟೋ, "ನನಗೂ ನಿನಗೂ ಎಂತ ಜಗಳ?" ಎನ್ನುವ ಆಶ್ಚರ್ಯವೋ? ಎದುರು ರಾಮನ ಅರ್ಥ ಹೇಳುವವರು ಯಾವ ಧರ್ಮಸೂಕ್ಷ್ಮ ಹಿಡಿದು ಬರುತ್ತಾರೆ, ಅವರು ಹಾಗೆ ಬಂದರೆ ನಾನು ಎಲ್ಲಿಂದ ಹಿಡಿಯುವುದು? ಇದು ರಾತ್ರಿಯಿಡೀ ತಲೆಯಲ್ಲಿ ಓಡುತ್ತದೆ, ಒಂದು ಚಿತ್ರವೂ ಇಲ್ಲದೆ. ಇನ್ನೊಬ್ಬನ ಜಾಗದಲ್ಲಿ ನಿಂತು ಅವನಿಗೆ ಮಾತು ಹುಟ್ಟಿಸುವುದು ಕಲ್ಪನೆ ಅಲ್ಲ ಅಂತ ಯಾರಾದರೂ ಹೇಳಿದರೆ ನಾನು ಅವರನ್ನು ಒಂದು ಕೂಟಕ್ಕೆ ಕರೆದುಕೊಂಡು ಹೋಗುತ್ತೇನೆ.

ನಿಮ್ಮ ಗೂಬೆ ಮೇಷ್ಟ್ರಿಗೆ ಕಾಗೆಯ ಮೇಲೆ ಯಾಕೆ ಸಿಟ್ಟು ಅಂತ ನಿಮಗೆ ಗೊತ್ತುಂಟಲ್ಲ. ಮತ್ತೆಂತ ಬೇಕು?

ಅರ್ಥಕೋಶ:

ನನಗನ್ಸೋದು, ಇಲ್ಲಿ ಅರ್ಧ ಗಲಾಟೆ ಇಂಗ್ಲಿಷ್ ಪದದ್ದು. ಇಮ್ಯಾಜಿನೇಷನ್ ಅನ್ನೋದರ ಹೊಟ್ಟೆಲೇ ಇಮೇಜ್ ಕೂತಿದೆ, ಅಂದ್ರೆ ಚಿತ್ರ. ಗ್ರೀಕರಲ್ಲೂ ಅಷ್ಟೇ, ಮನಸ್ಸು ಚಿತ್ರ ಇಲ್ದೆ ಯೋಚನೆನೇ ಮಾಡಲ್ಲ ಅಂತ ಅರಿಸ್ಟಾಟಲ್ ಬರೆದಿಟ್ಟ, ಅವನು ಬಳಸಿದ ಫ್ಯಾಂಟೇಸಿಯಾ ಅನ್ನೋ ಪದಕ್ಕೇ 'ಅ' ಸೇರಿಸಿ ಝೀಮನ್ ಈ ಹೆಸರು ಮಾಡಿದ್ದು. ಆ ಭಾಷೆಲಿ ಯೋಚಿಸಿದ್ರೆ ಚಿತ್ರ ಇಲ್ಲ ಅಂದ ತಕ್ಷಣ ಏನೋ ಕಳಕೊಂಡಂಗೆ ಆಗತ್ತೆ.

ಆದ್ರೆ ನಮ್ಮ 'ಕಲ್ಪನೆ'ಲಿ ಚಿತ್ರ ಎಲ್ಲಿದೆ? ಅದರ ಸಂಸ್ಕೃತ ಧಾತುವಿನ ಅರ್ಥ ಅಣಿಯಾಗೋದು, ಸಜ್ಜಾಗೋದು, ರೂಪಿಸೋದು ಅಂತೆಲ್ಲ. ಸಂಕಲ್ಪ, ವಿಕಲ್ಪ ಎಲ್ಲ ಅದೇ ಮನೆಯ ಮಕ್ಕಳು. ಕನ್ನಡದಲ್ಲಿ 'ಕಲ್ಪಿಸು' ಅನ್ನೋದನ್ನ ದಿನಾ ಪೇಪರ್‌ನಲ್ಲಿ ಓದ್ತೀವಿ: ಅವಕಾಶ ಕಲ್ಪಿಸು, ಕುಡಿಯೋ ನೀರಿನ ಸೌಲಭ್ಯ ಕಲ್ಪಿಸು. (ಕೆಲವೂರಲ್ಲಿ ಆ ಸೌಲಭ್ಯ ಕಲ್ಪನೆಯಲ್ಲೇ ಉಳ್ಕೊಂಡಿದೆ, ಅದು ಬೇರೆ ಮಾತು.) ಅಂದ್ರೆ ಇಲ್ಲದ್ದನ್ನ ಇರೋ ಹಾಗೆ ಮಾಡಿಕೊಡೋದು. ಕಾಗೆಗೆ ಅಂಗಡಿ ಕಲ್ಪಿಸಿಕೊಟ್ಟವರು ನೀವು, ಅದನ್ನ ನೋಡಿದ್ರೋ ಇಲ್ವೋ ಅನ್ನೋದು ಪದಕ್ಕೆ ಸಂಬಂಧವೇ ಇಲ್ಲ. ಹಳೇ ಸಂಸ್ಕೃತ ಕಾವ್ಯಮೀಮಾಂಸಕ ಅಭಿನವಗುಪ್ತ ಪ್ರತಿಭೆಗೆ ಕೊಟ್ಟ ಲಕ್ಷಣನೂ ಅಷ್ಟೇ, ಹಿಂದೆ ಇಲ್ಲದ ವಸ್ತುನ ನಿರ್ಮಿಸಬಲ್ಲ ಪ್ರಜ್ಞೆ ಅಂತ. ನಿರ್ಮಿಸೋದು, ನೋಡೋದು ಅಲ್ಲ.

ಎರಡನೇ_ರೀಲು:

@ಅರ್ಥಕೋಶ ರವಿ ಕಾಣದ್ದನ್ನ ಕವಿ ಕಂಡ ಅಂತಾರಲ್ಲ ಸಾರ್? ಅಲ್ಲಿ 'ಕಂಡ' ಅಂತಲೇ ಇದೆ :)

ಅರ್ಥಕೋಶ:

ಹಹ್ಹ, ಸಿಕ್ಕಿಹಾಕ್ಸಿದ್ರಿ. ಆದ್ರೆ ಕಷ್ಟ ಕಂಡವನು, ಲಾಭ ಕಂಡವನು ಅಂತೀವಿ, ಅವರು ಯಾರೂ ಕಣ್ಣಲ್ಲಿ ಕಂಡಿದ್ದಲ್ಲ. ಹುಳಿ ರುಚಿ ನೋಡು ಅಂತ ಸೌಟು ಕೈಗೆ ಕೊಟ್ರೆ ಯಾರೂ ಕಣ್ಣು ಹತ್ರ ಹಿಡಿಯಲ್ಲ. ಕೇಳಿ ನೋಡು, ಮಾಡಿ ನೋಡು, ಮುಟ್ಟಿ ನೋಡು. ಕನ್ನಡದವರ ನೋಟಕ್ಕೆ ಕಣ್ಣು ಕಡ್ಡಾಯ ಅಲ್ಲ ಅನ್ನೋದು ನನ್ನ ವಾದ, ಬೇಕಾದ್ರೆ ನೋಡಿ.

ಎರಡನೇ_ರೀಲು:

ಒಪ್ಪಿದೆ. ನಾನು ಕತೆಅಪ್ಪ ಅವರ ಪೂರ್ತಿ ಉಲ್ಟಾ ಕೇಸು, ಇದಕ್ಕೆ ಹೈಪರ್‌ಫ್ಯಾಂಟೇಸಿಯಾ ಅಂತಾರೆ. ಯಾರಾದ್ರೂ ಆಪರೇಷನ್ ವಿಷ್ಯ ಹೇಳಿದ್ರೆ ನನಗೆ ಊಟ ಸೇರಲ್ಲ, ಎಲ್ಲ ಎದುರಿಗೇ ನಡೆಯತ್ತೆ. ವರ್ಷದ ಹಿಂದೆ ಹೈವೇಲಿ ಒಂದು ಆಕ್ಸಿಡೆಂಟ್ ನೋಡ್ದೆ, ಇವತ್ತಿಗೂ ಅದೇ ಬಣ್ಣದಲ್ಲಿ ಬರತ್ತೆ, ಕರೀದಿದ್ರೂ ಬರತ್ತೆ. ಜನ ಇದನ್ನ ಕಲ್ಪನಾಶಕ್ತಿ ಅಂತ ಹೊಗಳ್ತಾರೆ. ನಾನು ಒಂದು ಕತೆನೂ ಹೊಸೆದೋಳಲ್ಲ, ನನಗೆ ಬರೋದೆಲ್ಲ ನೋಡಿದ್ದೇ ಮತ್ತೆ ಮತ್ತೆ. ನಿಮ್ಮ ಅಳಿಲಿನ ಸಾಲದ ಐಡಿಯಾ ನನಗೆ ಜನ್ಮದಲ್ಲಿ ಬರ್ತಿರಲಿಲ್ಲ.

ಹೆಸರು_ಬೇಡ:

ಎಲ್ಲರೂ ಚೆನ್ನಾಗಿ ಬರೆದಿದೀರಿ, ಆದ್ರೂ ಒಂದು ಮಾತು ಹೇಳ್ತೀನಿ, ಥ್ರೆಡ್ ಮೂಡ್ ಹಾಳು ಮಾಡ್ತಿದೀನಿ ಅನ್ಸಿದ್ರೆ ಕ್ಷಮಿಸಿ. ಅಮ್ಮ ಹೋಗಿ ಮೂರು ವರ್ಷ. ಅಕ್ಕ ಕಣ್ಣು ಮುಚ್ಚಿದ್ರೆ ಅಮ್ಮ ಒಲೆ ಮುಂದೆ ಕೂತಿರೋದು ಕಾಣತ್ತೆ ಅಂತಾಳೆ, ಅತ್ತು ಹಗುರ ಆಗ್ತಾಳೆ. ನನಗೆ ಅಮ್ಮ ಎಡಗೈಯಲ್ಲಿ ಸೆರಗು ಸಿಕ್ಕಿಸ್ಕೊಳ್ತಿದ್ರು ಅಂತ ಗೊತ್ತು, ರೊಟ್ಟಿ ತಟ್ಟುವಾಗ ಏನೋ ಗುನುಗ್ತಿದ್ರು ಅಂತ ಗೊತ್ತು. ಗೊತ್ತು ಅಷ್ಟೇ. ಮುಖ ಬೇಕು ಅಂದ್ರೆ ಫೋನ್ ತೆಗೀಬೇಕು. ಫೋಟೋಲಿರೋದು ಮದುವೆ ಮನೆ ಅಮ್ಮ, ಒಲೆ ಮುಂದಿನ ಅಮ್ಮನ ಫೋಟೋ ಯಾರೂ ತೆಗೀಲಿಲ್ಲ.

ಹಾಗಂತ ಪ್ರೀತಿ ಕಮ್ಮಿ ಅಂತಲ್ಲ, ಅಕ್ಕನೂ ಹಂಗೆ ಅನ್ನಲ್ಲ. ಆದ್ರೆ ಇದನ್ನ "ಬೇರೆ ಥರದ ಶಕ್ತಿ" ಅಂತ ಯಾರಾದ್ರೂ ಹೇಳಿದಾಗ ನನಗೆ ಸಿಟ್ಟು ಬರತ್ತೆ. ಕಲ್ಪನೆ ನನಗೂ ಇದೆ, ಒಪ್ತೀನಿ. ಅದರಿಂದ ಈ ಕೊರತೆ ತುಂಬಲ್ಲ. ಎರಡೂ ಬೇರೆ ಬೇರೆ ಲೆಕ್ಕ.

ಸಂದುಚುಕ್ಕಿ:

@ಹೆಸರು_ಬೇಡ ಏನೂ ಹಾಳಾಗಿಲ್ಲಪ್ಪ. ನನಗೂ ಅಪ್ಪನ ಮುಖ ಬರಲ್ಲ, ಆದ್ರೆ ದನಿ ಬರತ್ತೆ, ಕೆಮ್ಮು ಕೂಡ. ನಿಮಗೆ ಆ ಗುನುಗು ಕೇಳ್ಸತ್ತಾ?

ಹೆಸರು_ಬೇಡ:

ಇಲ್ಲ. ರಾಗ ಯಾವುದು ಅಂತ ಹೇಳಬಲ್ಲೆ, ನಾನೇ ಹಾಡಬಲ್ಲೆ. ಒಳಗೆ ಕೇಳ್ಸಲ್ಲ. ಹಾಡಿದ್ರೆ ಮಾತ್ರ ಸ್ವಲ್ಪ ಹತ್ರ ಬಂದಂಗೆ ಆಗತ್ತೆ. ಕೇಳಿದ್ದಕ್ಕೆ ಥ್ಯಾಂಕ್ಸ್ ಅಕ್ಕ.

ನಡುರಾತ್ರಿ_ಓದುಗ:

ಹೆಸರು_ಬೇಡ ಅವರ ಮಾತಿಗೆ ಎದುರು ಮಾತಿಲ್ಲ. ತಮ್ಮದೇ ಜೀವನದ ಘಟನೆಗಳನ್ನ ಮರುಕಳಿಸ್ಕೊಳ್ಳೋದು ಇಂಥವರಲ್ಲಿ ಬಹಳ ಜನಕ್ಕೆ ಕಷ್ಟ ಅಂತ ಸಂಶೋಧನೆಗಳಲ್ಲೂ ಬಂದಿದೆ. ಇನ್ನೊಂದು, ಕತೆಅಪ್ಪ ಅವರಿಗೂ ಬೇಕಾಗಬಹುದು: 2021ರಲ್ಲಿ ಪಿಯರ್ಸನ್ ತಂಡದ್ದೇ ಇನ್ನೊಂದು ಪ್ರಯೋಗ, ಕತ್ತಲೆ ಕೋಣೆಲಿ ಭಯದ ಕತೆ ಓದಿಸಿ ಚರ್ಮದ ಬೆವರು ಅಳೆದ್ರು. ಚಿತ್ರ ಕಾಣೋರ ಬೆವರು ಏರ್ತಾ ಹೋಯ್ತು, ಕಾಣದೋರದ್ದು ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಅದೇ ಭಯದ ಫೋಟೋ ತೋರಿಸಿದಾಗ ಇಬ್ರೂ ಒಂದೇ. ಹಾಗಾಗಿ ಹೇಳೋ ನಿಮಗೆ ಆಗೋದೂ ಕೇಳೋ ಮಗಳಿಗೆ ಆಗೋದೂ ಒಂದೇ ಅಲ್ಲದೇ ಇರಬಹುದು.

ಗಿರ್ಮಿಟ್_ಹುಬ್ಬಳ್ಳಿ:

ರಾತ್ರಿ ನೋಡಿದ್ನಿರಿ. ನಮ್ಮ ಎತ್ತು ನೆನಿಸ್ಕೊಂಡೆ, ಏನೂ ಬರ್ಲಿಲ್ಲ. ಮನಿಯಾಕಿಗೆ ಕೇಳಿದ್ರ ಎತ್ತಿನ ಕೊಂಬಿಗೆ ಹಚ್ಚಿದ ಬಣ್ಣ ಸುದ್ದಾ ಕಾಣತೈತಿ ಅಂತಾಳ. 52 ವರ್ಷ ಆತು ನನಗ. ಮೊನ್ನಿ ಬರದಿದ್ದ ಮಾತು ವಾಪಸ್ ತಗೊಂಡೆ.

ಕತೆಅಪ್ಪ:

ಎಲ್ರಿಗೂ ಥ್ಯಾಂಕ್ಸ್, ಗಿರ್ಮಿಟ್ ಸಾರ್, ನಮ್ಮ ಸಂಘಕ್ಕೆ ಸ್ವಾಗತ. @ಹೆಸರು_ಬೇಡ ನಿಮ್ಮ ಮಾತು ಓದಿ ಆ ದಿನವೇ ಅಮ್ಮ ಮಲ್ಲಿಗೆ ಕಟ್ತಾ ಕೂತಿರೋದನ್ನ ವಿಡಿಯೋ ಮಾಡಿಸ್ಕೊಂಡೆ, ತಂಗಿ ಕೈಲಿ ಹೇಳಿಸಿ. ಅಮ್ಮಂಗೆ ಯಾಕೆ ಅಂತ ಹೇಳಿಲ್ಲ.

ಬಣ್ಣ ಬರತ್ತಾ ಅಂತ ಕೇಳಿದ್ರಲ್ಲ, ನಿನ್ನೆ ಕತೆ ಮುಗಿದ್ಮೇಲೆ ಮಗಳನ್ನ ಕೇಳ್ದೆ, ಕಾಗೆ ಅಂಗಡಿ ಹೆಂಗಿದೆ ಹೇಳು ಅಂತ. ನೀಲಿ ಬಾಗಿಲು, ಕಾಗೆ ಹೆಗಲ ಮೇಲೆ ಹಸಿರು ಟವೆಲ್, ತಕ್ಕಡಿಯ ಒಂದು ತಟ್ಟೆ ಸೊಟ್ಟ ಅಂದ್ಳು. ನಾಲ್ಕು ವರ್ಷದಲ್ಲಿ ನಾನು ಬಾಗಿಲು ಇದೆ ಅಂತಲೇ ಹೇಳಿಲ್ಲ, ಟವೆಲ್ ಅಂತೂ ಇಲ್ವೇ ಇಲ್ಲ. ಇದನ್ನೆಲ್ಲ ಯಾರು ಹೇಳಿದ್ರು ಅಂದ್ರೆ "ನೀನು ಹೇಳಲ್ವಲ್ಲಪ್ಪ, ಅದಕ್ಕೆ ನಾನೇ ಹಾಕ್ಕೊಂಡೆ" ಅಂದ್ಳು. ತಕ್ಕಡಿ ಸೊಟ್ಟ ಯಾಕೆ ಅಂತ ಕೇಳಿದ್ದಕ್ಕೆ ಕಾಗೆ ತೂಕದಲ್ಲಿ ಮೋಸ ಮಾಡತ್ತೆ, ಅದಕ್ಕೇ ಅಳಿಲು ಸಾಲ ತೀರಿಸಲ್ಲ ಅಂತೆ. ಇದು ನನಗೇ ಗೊತ್ತಿರಲಿಲ್ಲ! ಇವತ್ತಿನ ಕತೆ ಅಲ್ಲಿಂದ ಶುರು ಮಾಡಬೇಕು.

ಗೋಡೆಗೆ ಕೊನೆಗೂ ಹೆಂಡ್ತಿ ಹೇಳಿದ ತಿಳಿಹಳದಿನೇ ಹೊಡೆಸಿದ್ವಿ. ಪೇಂಟರ್ ಮೊದಲ ಕೋಟ್ ಮುಗಿಸಿದಾಗ ಅವಳು ಬಂದು ನೋಡಿ "ಅಯ್ಯೋ, ನನಗೆ ಕಂಡಿದ್ದು ಹಿಂಗಲ್ಲ" ಅಂದ್ಳು.

ಸಂದುಚುಕ್ಕಿ:

ನಮ್ಮ ಓರಗಿತ್ತಿ 😂